ಹುಳದ ಪೆಟ್ಟಿಗೆಯ ಕಡತ

ದಾಂಡೇಲಿಯ ಜಪ್ತಿ ಪ್ರಾಣಿಗಳ ಪಾಲನಾ ಉಪಕಚೇರಿಯಲ್ಲಿ ಇರುವುದು ಒಂದೇ ಒಂದು ಪ್ರಾಣಿ. ಯಾರೋ ಶೋಕಿಗೆ ಸಾಕಿ, ಕಾರಿನಲ್ಲಿ ಗೋವಾಕ್ಕೆ ಒಯ್ಯುವಾಗ ಗಡಿಯ ಅನಮೋಡ ತಪಾಸಣಾ ಗೇಟಿನಲ್ಲಿ ಸಿಕ್ಕಿಬಿದ್ದ ವಿದೇಶಿ ಹೆಬ್ಬಾವು. ಅದಕ್ಕೊಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಕಡತ, ಕಡತಕ್ಕೊಬ್ಬ ಅಧೀಕ್ಷಕರು, ಸಿದ್ದಲಿಂಗ. ಪೆಟ್ಟಿಗೆ ತೊಳೆಯಲು ಕಾಶೆವ್ವ.

ವಾರಕ್ಕೊಮ್ಮೆ ಹಾವನ್ನು ಮುಚ್ಚಳದ ಬುಟ್ಟಿಗೆ ದಾಟಿಸಿ, ಹೇಸಿಗೆ ಬಳಿದು, ಕಾಗದ ಬದಲಿಸಿ, ನೀರಿನ ಬೋಗುಣಿ ತಿಕ್ಕುವುದು ಅವಳ ಕೆಲಸ. ಹಾವಿಗೆ ಅಂಜುವ ಹೆಂಗಸಲ್ಲ. ಅದರ ಹೆಸರಿಗೆ ಮಾತ್ರ ಅಂಜುತ್ತಾಳೆ. ಹೆಸರು ಹಿಡಿದರೆ ಬಂದೇಬಿಡುತ್ತದೆಂದು ಅವಳ ತವರಾದ ಹಳಿಯಾಳದ ಕಡೆ ಎಲ್ಲರೂ ಅದಕ್ಕೆ ‘ಹುಳ’ ಎನ್ನುತ್ತಾರೆ. ಅರ್ಜಿಯಲ್ಲೂ ಹಾಗೇ ಬರೆದಳು: “ಪೆಟ್ಟಿಗೆಯಲ್ಲಿ ಹುಳ ಇದ್ದು ಬಹಳ ನಾರುತ್ತಿದೆ. ತೊಳೆಯಲು ಬಿಸಿನೀರು, ಬ್ರಶ್ ಕೊಡಬೇಕು.”

ಹತ್ತೇ ದಿನದಲ್ಲಿ, ಅಂದರೆ ಮಿಂಚಿನ ವೇಗದಲ್ಲಿ, ಮೇಲಿನ ಕಚೇರಿಯಿಂದ ಆದೇಶ ಬಂತು: “ಹುಳ ಕಂಡುಬಂದಲ್ಲಿ ನಿಯಮ ೧೪ರನ್ವಯ ಔಷಧಿ ಸಿಂಪಡಿಸಿ ನಾಶಪಡಿಸತಕ್ಕದ್ದು.” ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವ ಅಂದಾನೆಪ್ಪ ಆದೇಶದ ಬೆನ್ನಿಗೇ ಬಂದ.

“ಸಾಹೇಬ್ರ, ಜೀವಾ ಹೋಗತೈತ್ರಿ ಅದರದು! ಹುಳ ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ?” ಎಂದಳು ಕಾಶೆವ್ವ.

“ನನಗ ಗೊತ್ತೈತಿ ಕಾಶೆವ್ವಾ. ಕಡತಕ್ಕ ಗೊತ್ತಿಲ್ಲ,” ಎಂದರು ಸಿದ್ದಲಿಂಗ.

“ಹಂಗಾರ ತಿದ್ದಿಬಿಡ್ರಿ.”

“ತಿದ್ದಬೇಕಂದ್ರ ಅರ್ಜಿದಾರರು ಖರೇ ಹೆಸರು ಎಲ್ಲಾರ ಮುಂದ ಬಾಯಿಬಿಟ್ಟು ಹೇಳಬೇಕು. ನಿಯಮ ಹದಿನೈದು.”

ಅಂದಾನೆಪ್ಪ ಪಂಪಿಗೆ ಗಾಳಿ ಹೊಡೆಯತೊಡಗಿದ. ಗಾಜಿನಾಚೆ ಹೆಬ್ಬಾವು ಸುರುಳಿ ಸುತ್ತಿ ಮಲಗಿತ್ತು. ಕಾಶೆವ್ವ ಪೆಟ್ಟಿಗೆಗೆ ಅಡ್ಡ ನಿಂತಳು. ಐವತ್ತೆರಡು ವರ್ಷ ಆಡದ ಮಾತನ್ನು ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಕೂಗಿಯೇಬಿಟ್ಟಳು: “ಹಾವು!”

ಕಣ್ಣು ತೆರೆದಾಗ ಸಿದ್ದಲಿಂಗ ಮೇಜಿನ ಮೇಲಿದ್ದರು. ಗುಮಾಸ್ತರು ಕಪಾಟಿನ ಮೇಲಿದ್ದರು. ಅಂದಾನೆಪ್ಪ ಪಂಪು ಬಿಸಾಕಿ ಬಸ್ ನಿಲ್ದಾಣದ ದಾರಿ ಹಿಡಿದಿದ್ದ. “ಎಲ್ಲೈತಿ? ಎಲ್ಲೈತಿ?” ಎಂದು ಮೇಜು ಕೇಳುತ್ತಿತ್ತು, “ಕೆಳಗ ನೋಡ್ರಿ!” ಎಂದು ಕಪಾಟು ಹೇಳುತ್ತಿತ್ತು. ಅಂದು ಆ ಕಚೇರಿಯಲ್ಲಿ ನಿದ್ದೆ ಕೆಡದೆ ಉಳಿದದ್ದು ಹಾವಿನದೊಂದೇ.

ಮರುದಿನ ಸುತ್ತೋಲೆ ಹೊರಟಿತು: “ಸದರಿ ಶಬ್ದದಿಂದ ಸಿಬ್ಬಂದಿಯ ಕಾರ್ಯಕ್ಷಮತೆಗೆ ಧಕ್ಕೆಯಾದ ಕಾರಣ, ಕಚೇರಿ ವೇಳೆಯಲ್ಲಿ ಅದರ ಉಚ್ಚಾರವನ್ನು ನಿಷೇಧಿಸಿದೆ. ಕಡತದಲ್ಲಿ ‘ಹುಳ’ ಎಂದಿರುವಲ್ಲಿ ‘ಹಗ್ಗ’ ಎಂದು ಓದಿಕೊಳ್ಳತಕ್ಕದ್ದು.”

ಹಗ್ಗಕ್ಕೆ ಔಷಧಿ ಹೊಡೆಯುವ ನಿಯಮವಿಲ್ಲ. ಕಾಶೆವ್ವನಿಗೆ ಹೋದ ಜೀವ ಬಂದಂತಾಯಿತು. ಬಿಸಿನೀರೂ ಬ್ರಶ್ಶೂ ಮಂಜೂರಾದವು.

ಕಳೆದ ತಿಂಗಳು ತಪಾಸಣೆಗೆ ಮೇಲಧಿಕಾರಿಗಳು ಬಂದರು. ದಾಸ್ತಾನು ಪುಸ್ತಕ ತೆರೆದು ಓದಿದರು: “ಹಗ್ಗ, ಒಂದು. ಹಗ್ಗಕ್ಕೆ ವಾರಕ್ಕೊಂದು ಇಲಿ.” ಕನ್ನಡಕ ಏರಿಸಿ ಪೆಟ್ಟಿಗೆಯತ್ತ ನೋಡಿದರು. ಹಗ್ಗ ನಾಲಿಗೆ ಚಾಚಿತು.

“ಒಂದು ಇಲಿ ಸಾಕಾಗತೈತೇನು?”

“ಸಾಕ್ರಿ ಸಾಹೇಬ್ರ,” ಎಂದಳು ಕಾಶೆವ್ವ. “ಇನ್ನೂ ಸಣ್ಣ ಹಗ್ಗ ಐತ್ರಿ.”

ಅಧಿಕಾರಿಗಳು ತಲೆಯಾಡಿಸಿ ಷರಾ ಬರೆದರು: “ಹಗ್ಗ ಆರೋಗ್ಯವಾಗಿದೆ.”