ಕೇಕಿನಂಗಡಿಗೆ ಹೊರಟ ವೈಪರ್‌ಗಳು

ಎಲ್ಲಕ್ಕೂ ಕಾರಣ ನಾಲ್ಕು ಬೆರಳುದ್ದದ ಒಂದು ರಬ್ಬರ್ ಪಟ್ಟಿ. ಅದು ಎವೋದಿಯೋ ಸರಾಬಿಯಾನ ಬಿಳಿ ಕಾರಿನ ಬಲಗಡೆಯ ವೈಪರ್‌ನಿಂದ ಕಿತ್ತುಬಂದು, ಮುಂಗಾಜಿನ ಮೇಲೆ ಹಲ್ಲಿ ಬಿಟ್ಟುಹೋದ ಬಾಲದಂತೆ ಅಲ್ಲಾಡುತ್ತಿತ್ತು. ಮೆಕ್ಸಿಕೋ ನಗರದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಆರು ತಿಂಗಳ ಬಿಸಿಲು ವೈಪರಿನ ರಬ್ಬರನ್ನು ಹಪ್ಪಳ ಮಾಡಿಬಿಡುತ್ತದೆ. ಅದು ಹಪ್ಪಳವಾಗಿದೆ ಎಂದು ಗೊತ್ತಾಗುವುದು ಮಾತ್ರ ಮಳೆ ಬಂದ ಮೇಲೆ. ಎವೋದಿಯೋನಿಗೆ ಗೊತ್ತಾದದ್ದು ಶುಕ್ರವಾರ ಸಂಜೆ ಐದೂವರೆಗೆ, ಮನೆ ಇನ್ನೂ ನಾಲ್ಕು ಬೀದಿ ದೂರ ಇರುವಾಗ.

ಬೇರೆ ವಾರವಾಗಿದ್ದರೆ ಅವನು ಅದನ್ನು ಹಾಗೆಯೇ ಬಿಡುತ್ತಿದ್ದ. ಆದರೆ ಶನಿವಾರ ಸಂಜೆ ನಾಲ್ಕಕ್ಕೆ ಅವನು ಕುಕಾ ಅಮ್ಮನ, ಅಲ್ಲಿನವರ ಮಾತಿನಲ್ಲಿ ದೋನ್ಯಾ ಕುಕಾಳ, ಕೇಕಿನಂಗಡಿಯಲ್ಲಿ ಇರಬೇಕಿತ್ತು.

ಅವನು ಇಪ್ಪತ್ತೆರಡು ವರ್ಷ ಉಗ್ರಾಣ ನೋಡಿಕೊಂಡಿದ್ದ ಶರ್ಟಿನ ಗುಂಡಿ ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ವಯಸ್ಸು ಐವತ್ತಾರು. ಕೆಲಸ ಕೇಳಲು ಹೋದಲ್ಲೆಲ್ಲ ಮೊದಲು ಅವನ ವಯಸ್ಸು ನೋಡುತ್ತಿದ್ದರು, ಆಮೇಲೆ ಬಾಗಿಲು ತೋರಿಸುತ್ತಿದ್ದರು. ದೋನ್ಯಾ ಕುಕಾ ಒಬ್ಬಳೇ ವಯಸ್ಸು ಕೇಳದೆ ಕಾರು ಕೇಳಿದವಳು. ಮದುವೆಗೆ, ಹುಡುಗಿಯರ ಹದಿನೈದನೇ ಹುಟ್ಟುಹಬ್ಬಕ್ಕೆ ಕೇಕು ತಲುಪಿಸಲು ಅವಳಿಗೆ ಸ್ವಂತ ಕಾರಿರುವ ಒಬ್ಬ ಮನುಷ್ಯ ಬೇಕಾಗಿದ್ದ. ಹಿಂದಿನ ಡ್ರೈವರ್ ಕಳೆದ ಜೂನಿನ ಒಂದು ಮಳೆಯಲ್ಲಿ ಮುಂದಿನ ದಾರಿ ಕಾಣದೆ, ಐದಂತಸ್ತಿನ ಕೇಕನ್ನು ರಸ್ತೆಯ ಉಬ್ಬಿನ ಮೇಲೆ ಹಾರಿಸಿದ್ದ. ಹುಡುಗಿಯ ಮನೆ ತಲುಪಿದ್ದು ಗಂಜಿ.

"ಇಬ್ಬರನ್ನ ಕರ್ದಿದೀನಿ," ಎಂದಿದ್ದಳು ಫೋನಿನಲ್ಲಿ. "ಮೊದಲು ವೈಪರ್ ನೋಡ್ತೀನಿ. ಯಾರದು ಚೆನ್ನಾಗಿರುತ್ತೋ ಕೆಲಸ ಅವರದು. ಮಿಕ್ಕಿದ್ದು ದೇವ್ರು ನೋಡ್ಕೋತಾನೆ."

ಮೆಕ್ಯಾನಿಕ್ ಯಾರದೋ ನಾಮಕರಣಕ್ಕೆ ಊರಿಗೆ ಹೋಗಿದ್ದ. ಆದ್ದರಿಂದ ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಎವೋದಿಯೋ ಎರಡು ಹೊಸ ವೈಪರ್‌ಗಳನ್ನು ಕಂಕುಳಲ್ಲಿಟ್ಟುಕೊಂಡು ತಾನೇ ಮೆಟ್ಟಿಲಿಳಿದ.

ಬಾಗಿಲೆದುರು ಸಿಮೆಂಟ್ ತುಂಬಿಸಿದ ಹಳೆಯ ಪೇಂಟ್ ಡಬ್ಬವಿತ್ತು. ಆ ಬೀದಿಯಲ್ಲಿ ಅಂಥ ಡಬ್ಬವೆಂದರೆ ಜಾಗದ ಹಕ್ಕುಪತ್ರ. ಡಬ್ಬದ ಪಕ್ಕದ ಜಾಗ ಎವೋದಿಯೋನದು ಎಂಬುದನ್ನು ಒಂಬತ್ತು ವರ್ಷಗಳಿಂದ ಯಾರೂ ಪ್ರಶ್ನಿಸಿರಲಿಲ್ಲ. ಅದರ ಪಕ್ಕದಲ್ಲಿ ಬಿಳಿ ಕಾರು ನಿನ್ನೆಯ ಮಳೆಯ ಕೆಸರು ಹೊದ್ದು ನಿಂತಿತ್ತು. ನಿನ್ನೆ ಬಲಗಡೆಯ ರಬ್ಬರ್ ಮಾತ್ರ ಕಿತ್ತಿತ್ತು, ಇವತ್ತು ನೋಡಿದರೆ ಎರಡೂ ಚಿಂದಿ. ರಾತ್ರಿಯೊಳಗೆ ಇನ್ನಷ್ಟು ಕೆಟ್ಟಿತು ಎಂದುಕೊಂಡ. ಕೆಟ್ಟದ್ದು ಇನ್ನೂ ಕೆಡುವುದು ಎಂಟು ತಿಂಗಳಲ್ಲಿ ಅವನಿಗೆ ಅಭ್ಯಾಸವಾಗಿತ್ತು.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೋನ್ ನಾಬೋರ್ ಕೂತಿದ್ದ. ಲೇತ್ ಕೆಲಸದಿಂದ ನಿವೃತ್ತನಾದ ಮೇಲೆ ಬೀದಿಯ ಎಲ್ಲರ ಕೆಲಸವೂ ಅವನದೇ.

"ಏನ್ ದೋನ್ ಎವೋದಿಯೋ, ಕಾರಿಗೆ ಆಪರೇಷನ್ನಾ?"

"ವೈಪರ್ ಬದಲಾಯಿಸ್ತಿದೀನಿ ಅಷ್ಟೆ. ನೀವು ಕೂತ್ಕೊಳ್ಳಿ."

ಕೂತ್ಕೊಳ್ಳಿ ಎಂದರೆ ಎದ್ದು ಬನ್ನಿ ಎಂದು ತಿಳಿಯುವವರಲ್ಲಿ ದೋನ್ ನಾಬೋರ್ ಒಬ್ಬ. ಅವನು ಬಂದು ವೈಪರಿನ ತೋಳನ್ನು ಎತ್ತಿ ನಿಲ್ಲಿಸಿ, ಅದರ ಕೊಕ್ಕೆಯನ್ನು ಹಲ್ಲಿನ ಡಾಕ್ಟರನಂತೆ ಬಗ್ಗಿ ನೋಡಿದ. "ತುಕ್ಕು ಹಿಡಿದಿದೆ. ಚೋಲೆ! ಎಣ್ಣೆ ತಗೊಂಬಾ!"

ದೋನ್ಯಾ ಚೋಲೆಗೆ ಕೆಳಮನೆಯಲ್ಲಿ ಪೆನ್ನು ಪುಸ್ತಕದ ಅಂಗಡಿ. ಅವಳು ಅಡುಗೆ ಎಣ್ಣೆಯ ಬಾಟಲಿ ತಂದಳು. ಕೊಕ್ಕೆಗೆ ಮೂರು ಹನಿ ಬಿತ್ತು, ಗಾಜಿಗೆ ಕಾಲು ಬಾಟಲಿ.

"ಅಯ್ಯೋ, ಗಾಜು!"

"ಗಾಜಿಗೇನಾಗುತ್ತೆ? ನಿಮ್ಮ ಹೆಂಡ್ತಿ ಬಾಣಲೆಗೆ ದಿನಾ ಹಾಕಲ್ವಾ?"

ಹಳೆಯ ವೈಪರ್ ಬಿಚ್ಚಲು ಸುಲಭ. ಕೊಕ್ಕೆಯೊಳಗಿನ ಚಿಕ್ಕ ನಾಲಿಗೆಯನ್ನು ಒತ್ತಿ ಹಿಡಿದು, ಬ್ಲೇಡನ್ನು ಕೆಳಕ್ಕೆ ಜಾರಿಸಿದರಾಯಿತು. ಎವೋದಿಯೋ ಒತ್ತಿದ. ದೋನ್ ನಾಬೋರ್, "ಅಲ್ಲ, ಮೇಲಕ್ಕೆ" ಎಂದು ಎಳೆದ. ದೋನ್ಯಾ ಚೋಲೆ, "ಇಬ್ಬರೂ ಬಿಡಿ, ಇದರಲ್ಲಿ ಬರೆದಿದೆ" ಎಂದು ಪೊಟ್ಟಣ ಓದತೊಡಗಿದಳು. ಅದರಲ್ಲಿ ಬರೆದದ್ದು ಚೀನೀ ಭಾಷೆ. ಅವಳು ಅದನ್ನು ತಲೆಕೆಳಗೆ ಹಿಡಿದೂ ಪ್ರಯತ್ನಿಸಿದಳು.

ಹನ್ನೊಂದು ಐದಕ್ಕೆ ಎಡಗಡೆಯ ಬ್ಲೇಡ್ ಇದ್ದಕ್ಕಿದ್ದಂತೆ ಕಳಚಿ ಬಂತು. ಬ್ಲೇಡಿಲ್ಲದ ಬರೀ ಕಬ್ಬಿಣದ ತೋಳು ಸ್ಪ್ರಿಂಗಿನ ಸೆಳೆತಕ್ಕೆ ಗಾಜಿನತ್ತ ಬೀಸಿತು. ಹೀಗೆ ಬೀಸಿದ ತೋಳು ಗಾಜು ಒಡೆಯುತ್ತದೆ, ಅದಕ್ಕೇ ತಿಳಿದವರು ಮೊದಲೇ ಗಾಜಿನ ಮೇಲೆ ದಪ್ಪ ಟವೆಲ್ ಹಾಸುತ್ತಾರೆ. ಇಲ್ಲಿ ಟವೆಲಿನ ಜಾಗದಲ್ಲಿ ಎವೋದಿಯೋನ ಹೆಬ್ಬೆರಳಿತ್ತು.

"ಗಾಜು ಉಳೀತು!" ಎಂದು ದೋನ್ ನಾಬೋರ್ ಚಪ್ಪಾಳೆ ತಟ್ಟಿದ. "ಅದೃಷ್ಟವಂತರು ಕಣ್ರೀ ನೀವು!"

ಅದೃಷ್ಟವಂತ ಫುಟ್‌ಪಾತಿನ ಅಂಚಿನಲ್ಲಿ ಕೂತು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡ. ದೋನ್ಯಾ ಚೋಲೆ ಅಂಗಡಿಯಿಂದ ಅಂಟುಪಟ್ಟಿ ತಂದು ಬೆರಳಿಗೆ ಸುತ್ತಿದಳು. ಶಾಲೆ ಮಕ್ಕಳು ಪುಸ್ತಕಕ್ಕೆ ಅಂಟಿಸುವ, ನಕ್ಷತ್ರಗಳಿದ್ದ ಗುಲಾಬಿ ಪಟ್ಟಿ.

ಮುಂದಿನದು ಪ್ಲಾಸ್ಟಿಕ್ ತುಂಡುಗಳ ಪ್ರಶ್ನೆ. ಯಾವ ಕಾರಿಗಾದರೂ ಹೊಂದಲಿ ಎಂದು ಪೊಟ್ಟಣದಲ್ಲಿ ನಾಲ್ಕು ನಮೂನೆಯ ತುಂಡು ಕೊಟ್ಟಿದ್ದರು. ದೋನ್ ನಾಬೋರ್ ನಾಲ್ಕನ್ನೂ ಹಾಕಬೇಕೆಂದ, ಕೊಟ್ಟವರು ಹುಚ್ಚರೇ ಎಂದು ಕೇಳಿದ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾದ ತುಂಡು ಸಿಕ್ಕಿತು. ಎರಡೂ ಬ್ಲೇಡ್ ಕೂತವು. ಕೀಲಿ ಮಹಡಿಯಲ್ಲೇ ಉಳಿದಿದ್ದರಿಂದ ಕೈಯಲ್ಲೇ ತೋಳುಗಳನ್ನು ಮೆಲ್ಲಗೆ ಆಡಿಸಿ ನೋಡಿದಾಗ ಅವು ನಡುವೆ ಬಂದು ಟಗರುಗಳಂತೆ ಡಿಕ್ಕಿ ಹೊಡೆದವು. ಒಂದು ಉದ್ದ, ಒಂದು ಗಿಡ್ಡ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು.

"ನಾನು ಆಗಲೇ ಅಂದ್ಕೊಂಡೆ," ಎಂದಳು ದೋನ್ಯಾ ಚೋಲೆ.

"ಅಂದ್ಕೊಂಡಿದ್ದನ್ನ ಬಾಯಿಬಿಟ್ಟು ಹೇಳ್ಬಾರ್ದಾ, ದೋನ್ಯಾ?"

"ಗಂಡಸ್ರು ಕೆಲಸ ಮಾಡುವಾಗ ನಾನು ಮಧ್ಯೆ ಬಾಯಿ ಹಾಕಲ್ಲಪ್ಪ."

ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು. ಎಣ್ಣೆ ಹೋಗಲು ಗಾಜನ್ನು ಸೋಪು ಹಾಕಿ ಮೂರು ಸಲ ತೊಳೆದರು. ಎರಡೂವರೆಗೆ ಬ್ಲೇಡ್‌ಗಳು ಕೊಕ್ಕೆಯಲ್ಲಿ ಟಕ್ ಎಂದು ಕೂತವು. ದೋನ್ ನಾಬೋರ್ ಒಂದು ಬಕೆಟ್ ನೀರು ಸುರಿದ, ಎವೋದಿಯೋ ಕೈಯಲ್ಲೇ ತೋಳನ್ನು ಎಳೆದ. ಗಾಜು ಕನ್ನಡಿಯಾಯಿತು. ಅದರಲ್ಲಿ ತನ್ನ ಮುಖ ಕಂಡು, ಇಷ್ಟು ದಣಿದಿರುವ ಈ ಮುದುಕ ಯಾರು ಎಂದು ಅವನಿಗೆ ಒಂದು ಕ್ಷಣ ಅನಿಸಿತು.

"ಊಟ ಮಾಡಿ, ಶರ್ಟ್ ಬದಲಾಯಿಸಿ ಹೊರಡು!" ಎಂದು ಮಹಡಿಯಿಂದ ಹೆಂಡತಿ ಒತಿಲಿಯಾ ಕೂಗಿದಳು. "ಎಣ್ಣೆಯಲ್ಲಿ ಕರಿದ ಮೀನಿನ ವಾಸನೆ ಇಲ್ಲೀವರೆಗೆ ಬರ್ತಿದೆ!"

ಅವನು ಸ್ನಾನ ಮಾಡಿದ, ಎರಡು ತುತ್ತು ಅನ್ನ, ಬೇಯಿಸಿದ ಕಾಳು ತಿಂದ, ಮದುವೆಗೆ ಹೋಗುವ ಶರ್ಟ್ ಹಾಕಿದ. ಮೂರು ಇಪ್ಪತ್ತೈದಕ್ಕೆ ಕೀಲಿ ಹಿಡಿದು ಕೆಳಗೆ ಬಂದ. ಡಬ್ಬ ಇತ್ತು. ಕಾರು ಇರಲಿಲ್ಲ.

"ಕಳ್ಳರು!" ಎಂದ. ಡಬ್ಬದ ಸುತ್ತ ಒಂದು ಸುತ್ತು ಬಂದ.

"ಕಳ್ಳರಾ?" ದೋನ್ ನಾಬೋರ್ ಕುರ್ಚಿಯಿಂದ ಎದ್ದ. "ಈಗ ತಾನೇ ಟೈ ಕಟ್ಟಿದ್ದ ಒಬ್ಬ ಸಣಕಲ ಬಂದು, ಕೀಲಿ ಹಾಕಿ, ಸ್ಟಾರ್ಟ್ ಮಾಡ್ಕೊಂಡು ಹೋದ. ನಿಮ್ಮ ಅಳಿಯನೋ ಯಾರೋ ಅಂತ ಕೈಬೀಸಿದೆ. ಅವನೂ ಬೀಸಿದ. ಮರ್ಯಾದಸ್ಥ."

ಅಷ್ಟರಲ್ಲಿ ಬೀದಿಯ ಕಾರುಗಳನ್ನು ಕಾಯುವ ತಾಚೋ, ಹೆಗಲ ಮೇಲೆ ಕೆಂಪು ಬಟ್ಟೆ ಹಾಕಿಕೊಂಡು, ರೊಟ್ಟಿ ಜಗಿಯುತ್ತ ಬಂದ. ಬೆಳಿಗ್ಗೆಯಿಂದ ಅವನು ಎಲ್ಲೂ ಕಂಡಿರಲಿಲ್ಲ.

"ತಾಚೋ! ನನ್ನ ಕಾರು!"

"ಅದು ಮೂಲೇಲಿದೆ ಸಾರ್, ಟೋರ್ಟಿಯಾ ರೊಟ್ಟಿ ಅಂಗಡಿ ಮುಂದೆ. ಬೆಳಿಗ್ಗೆ ಆರಕ್ಕೆ ನೀರಿನ ಟ್ಯಾಂಕರ್ ಬಂತು, ಜಾಗ ಬೇಕಿತ್ತು. ಎಲ್ರೂ ಬಿಡೋ ಹಾಗೆ ನೀವೂ ಗೇರ್ ಹಾಕ್ದೆ ಬಿಟ್ಟಿದ್ರಲ್ಲ, ತಳ್ಕೊಂಡು ಹೋದೆ."

"ಮತ್ತೆ ಇಲ್ಲಿದ್ದದ್ದು?"

"ಅದು ಹನ್ನೊಂದನೇ ನಂಬರಿಗೆ ಹೊಸದಾಗಿ ಬಾಡಿಗೆಗೆ ಬಂದವ್ರದು. ಅದೂ ಬಿಳೀದು, ಅದೂ ಅದೇ ಮಾದರಿ. ಟ್ಯಾಂಕರ್ ಹೋದ್ಮೇಲೆ ನಿಮ್ಮ ಜಾಗ ಖಾಲಿ ಬಿಟ್ರೆ ಬೇರೆ ಬೀದಿಯವರು ನುಗ್ತಾರಲ್ವಾ? ಅದಕ್ಕೇ ಹತ್ತಿರವಿದ್ದ ಅದನ್ನ ತಳ್ಳಿ ನಿಲ್ಲಿಸ್ದೆ. ನಿಮ್ಮ ಜಾಗ ಕಾಯೋಕೇ ಸಾರ್." ತಾಚೋ ಬಹುಮಾನ ಬರಬಹುದೆಂಬ ಮುಖ ಮಾಡಿ ನಿಂತ.

ದೋನ್ಯಾ ಚೋಲೆ ಅಂಗಡಿಯಿಂದ ಹೊರಗೆ ಬಂದಳು. ಬಂದವಳೇ ಹೇಳಿದಳು: "ನಂಬರ್ ಪ್ಲೇಟ್ ಬೇರೆ ಥರ ಇದೆ ಅಂತ ನಾನು ಆಗಲೇ ಅಂದ್ಕೊಂಡೆ."

ಎವೋದಿಯೋ ಅವಳನ್ನು ನೋಡಿದ. ಕೋಪ ಮಾಡಿಕೊಳ್ಳಲು ಬೇಕಾದಷ್ಟು ಬಲವೂ ಅವನಲ್ಲಿ ಉಳಿದಿರಲಿಲ್ಲ.

ಮೂರು ಮೂವತ್ತೈದಕ್ಕೆ ಮೊದಲ ಹನಿ ಬಿತ್ತು. ಮೂಲೆಯಲ್ಲಿ ಅವನ ಕಾರು, ಬಲಗಡೆ ಅದೇ ಬಾಲ ಅಲ್ಲಾಡಿಸುತ್ತ, ನಾಯಿಯಂತೆ ಕಾಯುತ್ತಿತ್ತು. ಹಿಂದೆಯೇ ಓಡಿಬಂದ ದೋನ್ ನಾಬೋರ್ ಅರ್ಧ ಆಲೂಗಡ್ಡೆಯನ್ನು ಗಾಜಿಗೆ ಉಜ್ಜಿದ. "ನಮ್ಮಪ್ಪ ಲಾರಿ ಓಡಿಸ್ತಿದ್ದಾಗ ವೈಪರೇ ಇರ್ಲಿಲ್ಲ. ಇದೇ ಉಜ್ಜೋರು. ನೀರು ನಿಲ್ಲಲ್ಲ, ನೋಡಿ!"

ನೀರು ನಿಲ್ಲಲಿಲ್ಲ, ನಿಜ. ಆಲೂಗಡ್ಡೆ ನಿಂತಿತು. ಹಪ್ಪಳವಾಗಿದ್ದ ಎಡ ವೈಪರ್ ಅದನ್ನೇ ಸಾರಿಸಿದ್ದರಿಂದ, ಎರಡನೇ ಸಿಗ್ನಲ್ ದಾಟುವಷ್ಟರಲ್ಲಿ ಗಾಜಿನಾಚೆಯ ನಗರವೆಲ್ಲ ಗಂಜಿಯಲ್ಲಿ ಮುಳುಗಿದಂತೆ ಕಂಡಿತು. ಎವೋದಿಯೋ, ಅಲ್ಲಿನ ಕಾರುಗಳಲ್ಲಿ ಡ್ರೈವರ್ ಕೂರುವ ಎಡಗಡೆಯ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಜಿರಾಫೆಯಂತೆ ಕತ್ತು ಚಾಚಿ ಓಡಿಸಿದ. ಹಿಂದಿನಿಂದ ಬಂದ ಬಸ್ಸಿನವನೊಬ್ಬ, "ತಾತಾ, ಒಳಗೆ ಜಾಗ ಇಲ್ವಾ?" ಎಂದು ಕೂಗಿ ಮುಂದೆ ಹೋದ.

ಕೇಕಿನಂಗಡಿ ತಲುಪಿದಾಗ ನಾಲ್ಕು ಗಂಟೆ ಏಳು ನಿಮಿಷ. ಅವನ ಮದುವೆ ಶರ್ಟಿನ ಎಡ ಅರ್ಧ ಒದ್ದೆ, ಬಲ ಅರ್ಧ ಒಣಗಿತ್ತು. ಬಾಗಿಲೆದುರು ಒಂದು ಬಿಳಿ ಕಾರು ನಿಂತಿತ್ತು. ಅದರ ಎರಡು ಹೊಸ ವೈಪರ್‌ಗಳು ಮಳೆಯನ್ನು ಬೆಣ್ಣೆ ಕೊಯ್ದಂತೆ ಕೊಯ್ಯುತ್ತಿದ್ದವು. ಪಕ್ಕದಲ್ಲಿ ಕೊಡೆ ಹಿಡಿದು ದೋನ್ಯಾ ಕುಕಾ, ಅವಳ ಪಕ್ಕದಲ್ಲಿ ಟೈ ಕಟ್ಟಿದ ಒಬ್ಬ ಸಣಕಲ ಮನುಷ್ಯ.

"ತಡವಾಯ್ತು, ದೋನ್ ಎವೋದಿಯೋ," ಎಂದಳು ಅವಳು. "ಕೆಲಸ ಈ ಅಪೊಲಿನಾರ್ ಅವರಿಗೆ ಹೋಯ್ತು. ಈ ವೈಪರ್ ನೋಡಿ. ಇಷ್ಟು ಜೋಪಾನ ಇರೋ ಮನುಷ್ಯನ ಕೈಗೆ ನಾನು ಮದುವೆ ಕೇಕನ್ನೇನು, ಮದುಮಗಳನ್ನೇ ಕೊಟ್ಟು ಕಳಿಸ್ತೀನಿ."

"ಆ ವೈಪರ್ ನನ್ನವು!" ಎಂದ ಎವೋದಿಯೋ.

ಅವನು ಎಲ್ಲವನ್ನೂ ಹೇಳಿದ. ಡಬ್ಬ, ಟ್ಯಾಂಕರ್, ಎಣ್ಣೆ, ಚೀನೀ ಭಾಷೆ. ಕೊನೆಗೆ ಸಾಕ್ಷಿಯಾಗಿ ನಕ್ಷತ್ರದ ಪಟ್ಟಿ ಸುತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದ.

ಅಪೊಲಿನಾರ್ ಪ್ರಾಮಾಣಿಕ. ಅವನು ತಕ್ಷಣ ತಲೆ ತಗ್ಗಿಸಿದ. "ಇವ್ರು ಹೇಳೋದು ನಿಜ ಇರ್ಬೇಕು, ದೋನ್ಯಾ. ನಿನ್ನೆ ನನ್ನ ವೈಪರ್ ಎರಡೂ ಹರಿದುಹೋಗಿದ್ವು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವನು ಎದ್ದು ನೋಡಿದ್ರೆ ಹೊಸವು. ನಮ್ಮಕ್ಕ ಹಾಕ್ಸಿದಾಳೆ ಅಂದ್ಕೊಂಡೆ. ಬಿಚ್ಚಿ ಕೊಡ್ಲಾ?"

"ತಾಳಿ," ಎಂದಳು ದೋನ್ಯಾ ಕುಕಾ. ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎವೋದಿಯೋನನ್ನು ಮೊದಲ ಸಲವೆಂಬಂತೆ ನೋಡಿದಳು. ಎಂಟು ತಿಂಗಳಲ್ಲಿ ಯಾರೂ ಅವನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಅವನು ಬೆನ್ನು ನೆಟ್ಟಗೆ ಮಾಡಿದ.

"ಈ ವೈಪರ್ ಹಾಕಿದ್ದು ನೀವೇ?"

"ನಾನೇ, ದೋನ್ಯಾ."

"ಎಷ್ಟು ಹೊತ್ತು ಹಿಡೀತು?"

"ನಾಲ್ಕು ಗಂಟೆ ಹತ್ತು ನಿಮಿಷ."

"ಅಷ್ಟು ಹೊತ್ತೂ ಈ ಕಾರಿನ ಎದುರಿಗೇ ನಿಂತಿದ್ರಿ."

"ಒಂದು ನಿಮಿಷಾನೂ ಬಿಟ್ಟು ಹೋಗ್ಲಿಲ್ಲ."

ಅವಳು ಕೊಡೆಯನ್ನು ಅವನ ಒದ್ದೆ ಭುಜದ ಮೇಲೆ ಸ್ವಲ್ಪ ವಾಲಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಹಾಗಾದ್ರೆ ನೀವೇ ಹೇಳಿ, ದೋನ್ ಎವೋದಿಯೋ. ನಾಲ್ಕು ಗಂಟೆ ಎದುರಿಗೆ ನಿಂತೂ ಕಾರು ತಮ್ಮದಲ್ಲ ಅಂತ ಗೊತ್ತಾಗದವರ ಕೈಲಿ ಕೇಕ್ ಕೊಟ್ಟು ಕಳಿಸಿದ್ರೆ, ಅದನ್ನ ಯಾರ ಮದುವೆಯಲ್ಲಿ ಕೊಯ್ತಾರೆ?"