ಬೆನ್ನುನೋವಿನ ಗುರುಗಳು

'ಮೆಂಟರ್' ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನನ್ನಬೇಕೆಂದು ಥಟ್ಟನೆ ಹೊಳೆಯದೆ ಹೋದದ್ದೇ ಡಾಕ್ಟರ್ ರವಿತೇಜನ ಕಷ್ಟಕ್ಕೆಲ್ಲ ಮೂಲ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಮೊಳಕಾಲ್ಮೂರಿನಲ್ಲಿದ್ದ ತಾಯಿಗೆ ಫೋನು ಮಾಡಿದವನು, "ಅವ್ವ, ನಾಳೆ ನನ್ನ ಗುರುಗಳನ್ನ ಮನೆಗೆ ಕರ್ಕೊಂಡ್ ಬರ್ತೀನಿ. ಬೆನ್ನುನೋವಿನ ವಿಷಯದಾಗೆ ಅವರಷ್ಟು ದೊಡ್ಡೋರು ಇನ್ನೊಬ್ರಿಲ್ಲ. ಅವರು ಕೈ ಹಿಡಿದ್ರೆ ನಾನು ಬದುಕಿಕೊಂಡೆ," ಎಂದಿದ್ದ. ಯಾರಿಗೂ ಹೇಳಬೇಡವೆಂದೂ ಸೇರಿಸಿದ್ದ. ಸೂರಮ್ಮ ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯ ಮುದ್ದಕ್ಕನಿಗೆ ಮಾತ್ರ ಹೇಳಿದಳು. ಮುದ್ದಕ್ಕನಿಗೆ ಹೇಳಿದ ಮೇಲೆ ನೇಕಾರರ ಬೀದಿಯಲ್ಲಿ ಬೇರೆ ಯಾರಿಗೂ ಹೇಳುವ ಅಗತ್ಯ ಬೀಳುವುದಿಲ್ಲ.

ರವಿತೇಜನದು ಮಗ್ಗದ ಮನೆ. ಅಪ್ಪ ಬೊಮ್ಮಣ್ಣ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯ್ದು ನೇಯ್ದು, ಈಗ ಎದ್ದು ನಿಂತರೂ ಕೂತಂತೆಯೇ ಕಾಣುತ್ತಿದ್ದ. ನೇಕಾರರು ಕೂರುವ ಹಲಗೆಯನ್ನು ತುಸು ಎತ್ತರಿಸಿ ಓರೆ ಮಾಡಿದರೆ ಅವರ ಸೊಂಟ ಉಳಿದೀತೇ ಎಂದು ಕ್ರಮವಾಗಿ ಪರೀಕ್ಷಿಸಬೇಕೆಂಬುದು ಮಗನ ಹಂಬಲ. ಅದಕ್ಕೆ ಸರಿಯಾಗಿ, ಯುವ ವೈದ್ಯರಿಗೆ ಸಂಶೋಧನೆ ಕಲಿಸುವ ಮೂರು ವರ್ಷದ ತರಬೇತಿಯೊಂದಿತ್ತು. ಆಯ್ಕೆಯಾದರೆ ಪ್ರತಿವಾರ ಅರ್ಧದಷ್ಟು ದಿನ ಆಸ್ಪತ್ರೆಯ ಡ್ಯೂಟಿಯಿಂದ ಬಿಡುವು. ಆದರೆ ಅನುಭವಿ ಸಂಶೋಧಕರೊಬ್ಬರು ಇವನನ್ನು ತಿದ್ದಿ ಬೆಳೆಸುವ ಹೊಣೆ ನನ್ನದು ಎಂದು ಒಪ್ಪಿಕೊಳ್ಳಬೇಕು.

ರವಿತೇಜ ಕೇಳಿದ ಮೊದಲನೆಯ ಹಿರಿಯರು ಅವನ ಮೇಲ್ ಓದಲಿಲ್ಲ. ಎರಡನೆಯವರು ಓದಿ, ವಿಚಾರ ಬಹಳ ಚೆನ್ನಾಗಿದೆ ಎಂದು ಮೆಚ್ಚಿ, ಅದನ್ನು ತಮ್ಮ ಡಾಕ್ಟರ್ ಸೊಸೆಗೆ ಕೊಟ್ಟರು. ಅರ್ಜಿಗೆ ಈ ವಾರವೇ ಕೊನೆ. ಬರುವ ವರ್ಷಕ್ಕೆ ರವಿತೇಜನ ವಯಸ್ಸು ಮೀರುತ್ತದೆ. ಉಳಿದವರು ಬೆಂಗಳೂರಿನ ಪ್ರೊಫೆಸರ್ ಕಲ್ಲೇಶಪ್ಪ ಒಬ್ಬರೇ. ಅವರು ನಕ್ಕದ್ದನ್ನು ನೋಡಿದ ಶಿಷ್ಯರಿರಲಿಲ್ಲ. ಆದರೂ ಏಕೋ ಏನೋ, ನೇಕಾರರ ಜಾಗ ನೋಡಿ ಹೇಳುತ್ತೇನೆಂದು ಬರಲು ಒಪ್ಪಿಬಿಟ್ಟಿದ್ದರು.

ಬೆಳಿಗ್ಗೆ ಚಳ್ಳಕೆರೆಯಲ್ಲಿ ರವಿತೇಜನನ್ನು ಕಾರಿಗೆ ಹತ್ತಿಸಿಕೊಂಡ ಪ್ರೊಫೆಸರರು ಹಿಂದಿನ ಸೀಟಿನಲ್ಲಿ ಅವನ ಯೋಜನೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಪೆನ್ನು ಬಿಚ್ಚಿದರು. ತಳಕು ಊರು ದಾಟುವಷ್ಟರಲ್ಲಿ ಹಾಳೆಗಳೆಲ್ಲ ಕುಂಕುಮ ಚೆಲ್ಲಿದಂತಾಗಿದ್ದವು. ಇದನ್ನೆಲ್ಲ ತಿದ್ದಿಕೊಳ್ಳಬಹುದು, ತಿದ್ದಲಾಗದ್ದು ಒಂದೇ, ಎಂದು ಅವರು ಪೆನ್ನು ಮುಚ್ಚಿದರು.

"ನೋವನ್ನ ಯಾವ ಮಿಷನ್ನೂ ಅಳೆಯಲ್ಲ, ರವಿತೇಜ. ಜನ ಬಾಯಿ ಬಿಟ್ಟು ಏನು ಹೇಳ್ತಾರೋ ಅದೇ ನಮಗೆ ಆಧಾರ. ಅವರು ನಮ್ಮ ಮುಖ ನೋಡಿ, ನಮಗೆ ಬೇಕಾದ್ದನ್ನ ಹೇಳಿದ್ರೆ ಸಂಶೋಧನೆ ಮುಗಿದಂತೆ. ನಾನು ಬರೋದು ಯಾರಿಗೂ ಗೊತ್ತಿಲ್ಲ ತಾನೆ?"

"ಇಲ್ಲ ಸರ್. ನಮ್ಮ ಅವ್ವನಿಗೆ ಮಾತ್ರ ಗೊತ್ತು," ಎಂದ ರವಿತೇಜ ಹೆಮ್ಮೆಯಿಂದ.

ಬೀದಿಯ ತಿರುವಿನಲ್ಲೇ ಬಾಳೆಕಂಬ ಕಂಡಿತು. ರವಿತೇಜ ಯಾರದೋ ಮದುವೆ ಇರಬೇಕೆಂದುಕೊಂಡ. ಅಷ್ಟರಲ್ಲಿ ನೇಕಾರರ ಯುವಕ ಸಂಘದ ಓಬಳೇಶನ ಧ್ವನಿ ಮೈಕಿನಲ್ಲಿ ಕೇಳಿತು: ಬೆನ್ನುನೋವು ನಿವಾರಕರಾದ ಪರಮಪೂಜ್ಯ ಗುರುಗಳು ಈಗ ದಯಮಾಡಿಸುತ್ತಿದ್ದಾರೆ, ಸೊಂಟ ಹಿಡಿದವರು ಎಡಗಡೆ, ಕತ್ತು ಹಿಡಿದವರು ಬಲಗಡೆ ನಿಲ್ಲಬೇಕಾಗಿ ವಿನಂತಿ.

ಕಾರಿನ ಬಾಗಿಲು ತೆರೆದದ್ದೇ ತಡ, ಪ್ರೊಫೆಸರರ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಅವರು ಅದನ್ನು ತೆಗೆಯಲು ಕೈಯೆತ್ತಿದರೆ ಜನ ಆಶೀರ್ವಾದವೆಂದು ತಲೆ ಬಾಗಿಸಿದರು. ರವಿತೇಜನ ಮನೆಯ ಜಗಲಿಯ ಮೇಲೆ ಕುರ್ಚಿಗೆ ಹೊಸ ರೇಷ್ಮೆ ಸೀರೆ ಹಾಸಿ ಅವರನ್ನು ಕೂರಿಸಿದ್ದೂ, ಮುದ್ದಕ್ಕ ಬೂಟು ಕಾಲುಚೀಲ ಕಿತ್ತು ಪಾದಕ್ಕೆ ನೀರೆರೆದದ್ದೂ ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ಪ್ರೊಫೆಸರರ ಮುಖ ಎಕ್ಸ್‌ರೇ ಫಿಲ್ಮಿನ ಬಣ್ಣಕ್ಕೆ ತಿರುಗಿತ್ತು.

ರವಿತೇಜ ತಾಯಿಯನ್ನು ಒಳಗೆ ಎಳೆದುಕೊಂಡು ಹೋಗಿ ಇದೇನೆಂದು ಕೇಳಿದ. ಗುರುಗಳು ಅಂದದ್ದು ನೀನೇ ತಾನೆ, ಗುರುಗಳು ಬಂದರೆ ಪಾದ ತೊಳೆಯದೆ ಇನ್ನೇನು ಮಾಡುವುದು ಎಂದು ಸೂರಮ್ಮ ತಿರುಗಿ ಕೇಳಿದಳು. ಅವನು ಓಡಿಬಂದು ಓಬಳೇಶನ ಕೈಯಿಂದ ಮೈಕು ಕಿತ್ತುಕೊಂಡು, ಇವರು ಸ್ವಾಮಿಗಳಲ್ಲ, ಪವಾಡ ಏನೂ ಮಾಡುವುದಿಲ್ಲ, ನನ್ನ ಹಾಗೇ ಒಬ್ಬ ಡಾಕ್ಟರು ಎಂದು ಸಾರಿದ. ಜನ ಮುದ್ದಕ್ಕನ ಕಡೆ ತಿರುಗಿದರು. ಆಮೇಲೆ, ನಿಜವಾದ ದೊಡ್ಡವರು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ, ಶಿಷ್ಯನ ಬಾಯಲ್ಲೂ ಹೇಳಿಸುವುದಿಲ್ಲ ಎಂದು ಮುದ್ದಕ್ಕ ವಿವರಿಸಿದಳು. ಕೈ ಮುಗಿಯುವವರ ಸಾಲು ಇನ್ನಷ್ಟು ಉದ್ದವಾಯಿತು.

ಪ್ರೊಫೆಸರರು ಹಲ್ಲು ಕಚ್ಚಿ, ಬಂದ ಕೆಲಸ ಮುಗಿಸೋಣ ಎಂದರು. ಬರಿಗಾಲಲ್ಲೇ ಕೂತು ಮುದ್ದಕ್ಕನನ್ನು ಮೊದಲು ಕರೆದರು. ಅವಳ ಸೊಂಟನೋವಿಗೆ ರವಿತೇಜನೇ ಎಷ್ಟೋ ಸಲ ಮಾತ್ರೆ ಕೊಟ್ಟಿದ್ದ. ನೋವು ಎಲ್ಲಿದೆ ಎಂದು ಕೇಳಿದರೆ ಮುದ್ದಕ್ಕ ಕೈಜೋಡಿಸಿ, "ನೊಪ್ಪಿ ಪೋಯಿಂದಿ ಸ್ವಾಮಿ. ನಿಮ್ಮ ಪಾದ ಮುಟ್ಟಿದ್ ಕೂಡ್ಲೇ ನೋವು ಹೋಯ್ತು," ಎಂದಳು. ಅವಳ ಹಿಂದಿನವನಿಗೂ ಹೋಗಿತ್ತು. ಅವನ ಹೆಂಡತಿಗೆ ಇನ್ನೂ ಪಾದ ಮುಟ್ಟುವ ಸರದಿ ಬಂದಿರಲಿಲ್ಲ, ಅವಳಿಗೆ ಹಾರ ನೋಡಿಯೇ ಹೋಗಿತ್ತು. ಬೀದಿಯ ಒಂದು ಸೊಂಟದಲ್ಲೂ ನೋವೆಂಬುದು ಉಳಿಯಲಿಲ್ಲ. ರವಿತೇಜನಿಗೆ ತನ್ನ ಮೂರು ವರ್ಷದ ತರಬೇತಿ ಚರಂಡಿಯ ಕಡೆ ಹರಿಯುತ್ತಿರುವುದು ಕಣ್ಣಿಗೇ ಕಂಡಂತಾಯಿತು.

ಕೊನೆಗೆ ಅವನು ಒಳಗೆ ಹೋಗಿ ಅಪ್ಪನನ್ನು ಕರೆತಂದ. ಬೊಮ್ಮಣ್ಣನ ಬೆನ್ನು ಸುಳ್ಳು ಹೇಳಲಾರದ ಬೆನ್ನು. ಬೀದಿಯ ಆ ತುದಿಯಿಂದ ನೋಡಿದರೂ ಗೊತ್ತಾಗುತ್ತಿತ್ತು. ಆದರೆ ಹೊಸ್ತಿಲು ದಾಟಿದ ಬೊಮ್ಮಣ್ಣ ಗುರುಗಳನ್ನು ನೋಡಿದ, ಸೇರಿದ್ದ ಜನರನ್ನು ನೋಡಿದ, ಉಸಿರು ಬಿಗಿಹಿಡಿದು, ಬಾಗಿಲುಪಟ್ಟಿಗೆ ಕೈಯೂರಿ, ನಿಧಾನವಾಗಿ ನೆಟ್ಟಗೆ ನಿಂತ. ಅವನನ್ನು ಹಾಗೆ ನೋಡಿ ಎಷ್ಟೋ ವರ್ಷವಾಗಿದ್ದ ಜನ ಹೋ ಎಂದರು. ಬೊಮ್ಮಣ್ಣನ ಹಣೆಯ ಮೇಲೆ ಬೆವರು ಸಾಲಿಟ್ಟಿತ್ತು.

ರವಿತೇಜ ಕಿವಿಯ ಹತ್ತಿರ ಬಗ್ಗಿ, ನಿಜ ಹೇಳಪ್ಪ ಎಂದು ಬೇಡಿಕೊಂಡ.

"ಜೀವ ಹೋಗೋ ಅಂಗೆ ನೋಯ್ತೈತೆ ಕಣಪ್ಪ," ಎಂದ ಬೊಮ್ಮಣ್ಣ ತುಟಿ ಅಲ್ಲಾಡಿಸದೆ. "ಆದ್ರೆ ಇಷ್ಟು ಜನದ ಮುಂದೆ ನಿನ್ನ ಗುರುಗಳ ಮರ್ಯಾದೆ ತೆಗೀಲಾ?"

ಆಮೇಲೆ ಗಟ್ಟಿಯಾಗಿ, ಏನೂ ನೋವಿಲ್ಲ ಬುದ್ಧಿ ಎಂದ. ರವಿತೇಜ ಅಪ್ಪನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದ. ಮಲಗಿಸುವಾಗ ಬೊಮ್ಮಣ್ಣನ ಬಾಯಿಂದ ಹೊರಟ ಶಬ್ದ ಓಬಳೇಶನ ಜಯಕಾರದಲ್ಲಿ ಮುಚ್ಚಿಹೋಯಿತು.

ಊಟ ಮುಗಿಸಿ ಇಬ್ಬರೂ ಕಾರು ಹತ್ತಿದರು. ಪ್ರೊಫೆಸರರು ಕೊರಳ ಹಾರವನ್ನೂ ತೆಗೆಯದೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಬಿ.ಜಿ. ಕೆರೆ ದಾಟಿದ ಮೇಲೆ ರವಿತೇಜ ಕ್ಷಮೆ ಕೇಳಲು ಬಾಯಿ ತೆರೆದ. ಅವರು ಕೈಯೆತ್ತಿ ತಡೆದರು.

"ಮುಂದಿನ ಸೋಮವಾರ ಬರ್ತೀನಿ," ಎಂದರು.

ರವಿತೇಜ ಥಟ್ಟನೆ ಅವರ ಕಡೆ ತಿರುಗಿದ. ಹಾಗಾದರೆ ಮೂರು ವರ್ಷವೂ ಬರುತ್ತೀರಾ ಸರ್ ಎಂದು ಕೇಳಿದ. ಮೂರು ವರ್ಷವೇಕೆ, ಇರುವಷ್ಟು ಕಾಲ ಎಂದರು ಪ್ರೊಫೆಸರರು. ಅವನಿಗೆ ಕಣ್ಣು ತುಂಬಿಬಂತು. ಸಹಿಗೆಂದು ತಿದ್ದಿದ ಹಾಳೆಗಳನ್ನೂ ಪೆನ್ನನ್ನೂ ಅವರ ಮುಂದೆ ಹಿಡಿದ.

ಅವರು ಅವನ್ನು ಮುಟ್ಟಲಿಲ್ಲ. "ನನ್ನ ತಲೆಗೂದಲೆಲ್ಲ ಬೆನ್ನುನೋವಿನ ಸಂಶೋಧನೆಯಲ್ಲೇ ಬೆಳ್ಳಗಾಯ್ತು. ಇವತ್ತಿನವರೆಗೆ ಒಬ್ಬರೇ ಒಬ್ಬರು ನನ್ನ ಹತ್ರ ಬಂದು ನೋವು ಹೋಯ್ತು ಅಂದಿರಲಿಲ್ಲ. ಸುಳ್ಳೇ ಇರಬಹುದು. ನನಗೂ ಗೊತ್ತು. ಆದರೆ ಕೇಳೋಕೆ ಎಷ್ಟು ಹಿತವಾಗಿತ್ತು ಗೊತ್ತಾ? ಆ ಕುರ್ಚೀಲಿ ಕೂತಾಗಿನಿಂದ ನನ್ನ ಸೊಂಟವೂ ನೋಯ್ತಿಲ್ಲ." ಹಾಗೆಂದು ಅವರು ನಕ್ಕರು. ಅವರಿಗೆ ಹಲ್ಲುಗಳಿರುವುದನ್ನು ರವಿತೇಜ ಅಂದೇ ನೋಡಿದ್ದು.

ಇನ್ನು ಆ ಕುರ್ಚಿಯಲ್ಲೇ ಕೂರುವುದೆಂದು ತೀರ್ಮಾನಿಸಿ, ಪ್ರೊಫೆಸರ್ ಹುದ್ದೆಯ ರಾಜೀನಾಮೆಯನ್ನು ಊಟದ ನಂತರ ಮೊಬೈಲಿನಲ್ಲೇ ಕಳಿಸಿಯಾಗಿತ್ತಂತೆ. ಸಂಶೋಧನೆ ಬಿಟ್ಟವರು ಯಾರ ಹೊಣೆಯನ್ನೂ ಹೊರುವಂತಿಲ್ಲ, ನಿಯಮ ನಿಯಮವೇ, ಆದ್ದರಿಂದ ಸಹಿ ಹಾಕಲಾರೆ ಎಂದು ಬಹಳ ಅಕ್ಕರೆಯಿಂದ ವಿವರಿಸಿದರು. ವಾಸಕ್ಕೂ ತೊಂದರೆಯಿಲ್ಲ, ಮಹಡಿಯ ಮೇಲೆ ನನ್ನ ಮಗನ ಕೋಣೆ ಇದೆ, ಅವನ ಪುಸ್ತಕಗಳನ್ನು ಮಗ್ಗದ ಕೋಣೆಗೆ ಸಾಗಿಸಿದರೆ ಆಯಿತು ಎಂದು ಸೂರಮ್ಮ ಆಗಲೇ ಮಾತು ಕೊಟ್ಟಿದ್ದಳು.

ಚಳ್ಳಕೆರೆಯ ಆಸ್ಪತ್ರೆಯ ಮುಂದೆ ಇಳಿದ ರವಿತೇಜ ನೇರವಾಗಿ ಸಂಜೆಯ ಡ್ಯೂಟಿಗೆ ಹೋಗಿ ಕೂತ. ಮೊದಲು ಬಂದವರು ಸೊಂಟ ಹಿಡಿದುಕೊಂಡಿದ್ದ ವಯಸ್ಸಾದ ರೈತ, ಪಾತಣ್ಣ ಎಂದು ಹೆಸರು. ಪರೀಕ್ಷಿಸಲು ಮಲಗಿ ಎಂದರೆ ಮಲಗಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ವಿಡಿಯೋ ತೋರಿಸಿದರು. ಅದರಲ್ಲಿ ಬಾಗಿಲುಪಟ್ಟಿಗೆ ಕೈಯೂರಿ ಬೊಮ್ಮಣ್ಣ ನೆಟ್ಟಗಾಗುತ್ತಿದ್ದ.

"ಡಾಕ್ಟ್ರೇ, ತಪ್ಪು ತಿಳ್ಕಾಬ್ಯಾಡ್ರಿ," ಎಂದರು ಪಾತಣ್ಣ. "ಮಾತ್ರೆ ತಿಂದು ತಿಂದು ಸಾಕಾಗೈತೆ. ಈ ಗುರುಗಳು ಇರೋದು ಎಲ್ಲಿ ಅಂತ ನಿಮಗೇನಾದ್ರೂ ಗೊತ್ತೈತೇನ್ರಿ?"

ರವಿತೇಜ ಆ ವಿಡಿಯೋವನ್ನು ಕೊನೆಯವರೆಗೂ ನೋಡಿದ. ಆಮೇಲೆ ಔಷಧಿ ಚೀಟಿಯನ್ನು ಎಳೆದುಕೊಂಡು, ದುಂಡಗಿನ ಅಕ್ಷರದಲ್ಲಿ ತನ್ನ ಮನೆಯ ವಿಳಾಸ ಬರೆದುಕೊಟ್ಟ.