ಏಜೆಂಟಣ್ಣನ ಬಾಯಿಗೆ ಬೇಲೂರು ಬಂದ ಬಗೆ

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದಂತೆ. ನಾನು ಹೋದಲ್ಲೆಲ್ಲ ಇಂಥದ್ದೇ ಏನಾದರೊಂದು ನಡೆಯುತ್ತದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದೆ, ಆಮೇಲೆ ಬಸ್ಸಿನ ಕ್ಲೀನರ್ ಆದೆ, ಬಾಣಾವರದಲ್ಲಿ ಕೊಬ್ಬರಿ ಮೂಟೆ ಹೊತ್ತೆ. ಎಲ್ಲೂ ಕಾಲು ನಿಲ್ಲಲಿಲ್ಲ. ಈಗ ಅರಸೀಕೆರೆಯ ಒಬ್ಬರು ಮೇಡಂ ಕಾರು ಓಡಿಸುತ್ತೇನೆ. ಮಾತು ಬಾರದವರಿಗೆ, ತೊದಲುವವರಿಗೆ ಮಾತು ಕಲಿಸುವುದು ಅವರ ಕೆಲಸ. ಬೋರ್ಡಿನಲ್ಲಿ ಸ್ಪೀಚ್ ಥೆರಪಿ ಅಂತಿದೆ, ಜನ ಕರೆಯುವುದು ‘ಮಾತಿನ ಡಾಕ್ಟ್ರು’ ಅಂತ.

ಅವರ ಹತ್ತಿರ ಒಂದು ಟ್ಯಾಬ್ ಇದೆ. ಅದರ ತುಂಬ ಚಿತ್ರದ ಕಾರ್ಡುಗಳು. ಬೆರಳಲ್ಲಿ ಸರಿಸಿದರೆ ಒಂದೊಂದೇ ಚಿತ್ರ ಬರುತ್ತದೆ, ನೋಡಿ ಹೆಸರು ಹೇಳಬೇಕು. ಸರಿಯಾಗಿ ಹೇಳಿದರೆ ಒಳಗಿನಿಂದ ಒಂದು ಹೆಂಗಸಿನ ದನಿ ‘ಭಲೇ! ಇನ್ನೊಮ್ಮೆ ಹೇಳಿ’ ಅಂದು ನಕ್ಷತ್ರ ಕೊಡುತ್ತದೆ.

ಈ ನಕ್ಷತ್ರಕ್ಕೆ ಕಾದು ಕೂತವನು ಹಳೇಬೀಡಿನ ಏಜೆಂಟಣ್ಣ. ಸರ್ಕಲ್ಲಿನಲ್ಲಿ ನಿಂತು ಪ್ರೈವೇಟ್ ಬಸ್ಸಿಗೆ ಜನ ಕೂಗುವ ಏಜೆಂಟು. ಅವನು ‘ಬೇಲೂರ್ ಬೇಲೂರ್ ಬೇಲೂರ್’ ಅಂತ ಕೂಗಿದರೆ ಹಾಸನಕ್ಕೆ ಹೊರಟವರೂ ಬೇಲೂರಿನ ಬಸ್ ಹತ್ತುತ್ತಿದ್ದರು. ಲಕ್ವ ಹೊಡೀತು. ಕೈಕಾಲು ಸುಧಾರಿಸಿತು, ಬಾಯಿ ಕೈಕೊಟ್ಟಿತು. ಅದರಲ್ಲೂ ‘ಬ’ ಅನ್ನುವ ಅಕ್ಷರ ಜಪ್ಪಯ್ಯ ಅಂದರೂ ಹೊರಡದು. ಬಸ್ಸಿನ ಸಾವ್ಕಾರರು ಬಂದು ನೋಡಿ, “ಯುಗಾದಿವರ್ಗೂ ಕಾಯ್ತೀನಿ ಕಣಯ್ಯ. ಅಷ್ಟ್ರೊಳಗೆ ಬೇಲೂರು ಅಂದ್ರೆ ಜಾಗ ನಿಂದು. ಇಲ್ದಿದ್ರೆ ರೆಕಾರ್ಡ್ ಮಾಡಿ ಸ್ಪೀಕರ್ ಕಟ್ತೀನಿ. ಅದು ಟೀನೂ ಕೇಳಕ್ಕಿಲ್ಲ, ಬೀಡೀನೂ ಕೇಳಕ್ಕಿಲ್ಲ” ಅಂದು ಹೋದರು.

ಊಟಕ್ಕೆ ಮುಂಚೆಯೋ, ಆಮೇಲೋ

ಮೊದಲ ದಿನ ಮೇಡಂ ಟ್ಯಾಬ್ ತೆಗೆದರೆ, ಏಜೆಂಟಣ್ಣನ ಹೆಂಡತಿ ಬ್ಯಾಗಿನೊಳಗೆ ಇನ್ನೇನಿದೆ ಅಂತ ಬಗ್ಗಿ ನೋಡಿದಳು.

“ಸೂಜಿ ಇಲ್ವಾ ಮೇಡಂ?”

“ಇಲ್ಲಮ್ಮ.”

“ಮಾತ್ರೆ?”

“ಅದೂ ಇಲ್ಲ. ಈ ಚಿತ್ರಗಳೇ ಔಷಧಿ. ನಿಮ್ಮ ಮೊಬೈಲಿಗೂ ಹಾಕಿಕೊಡ್ತೀನಿ, ದಿನಕ್ಕೆ ಎರಡು ಸಲ ತೋರಿಸಿ ಹೇಳಿಸಿ.”

“ಊಟಕ್ಕೆ ಮುಂಚೆನೋ, ಆದ್ಮೇಲೋ?”

ಮೇಡಂ ನಗುತ್ತಾ “ಮುಂಚೆ” ಅಂದುಬಿಟ್ಟರು.

ಮುಂದಿನ ವಾರ ಹೋದರೆ ಏಜೆಂಟಣ್ಣನ ಷರಟು ಬೇರೆಯವರದ್ದು ಹಾಕಿಕೊಂಡಂತೆ ಜೋತಾಡುತ್ತಿದೆ. ಮೇಡಂ ಗಾಬರಿಯಾಗಿ “ಏನಮ್ಮ ಇದು?” ಅಂದರು.

“ನೀವೇ ಹೇಳಿದ್ರಲ್ಲ ಮೇಡಂ. ಒಂದಾದ್ರೂ ಚಿತ್ರ ಹೇಳ್ದೆ ಹೆಂಗೆ ಊಟಕ್ಕಿಕ್ಕಲಿ? ಔಷಧಿ ಮುಂಚೆ ಹೋಗ್ಬೇಕಲ್ಲ!”

ಆ ವಾರ ಅವನ ಬಾಯಿಂದ ಬಂದದ್ದು ಒಂದೇ ಒಂದು ಸ್ಪಷ್ಟ ಮಾತು: ‘ಮುದ್ದೆ’. ಅದು ಕಾರ್ಡಿನಲ್ಲೇ ಇರಲಿಲ್ಲ.

ಮೊದಲ ನಕ್ಷತ್ರ

ಟ್ಯಾಬು ಶಹಬ್ಬಾಸ್‌ಗಿರಿ ಕೊಡುತ್ತದೆ ಅನ್ನುವ ಸುದ್ದಿ ಬೀದಿಗೆಲ್ಲ ಹಬ್ಬಿತು. ನಾವು ಹೋಗುವ ಹೊತ್ತಿಗೆ ಜಗಲಿ ತುಂಬ ಜನ. ಏಜೆಂಟಣ್ಣ ಬಾಯಿ ತೆರೆಯುವ ಮೊದಲೇ ಹತ್ತು ಬಾಯಿ ‘ಬಾಗಿಲು’ ಅನ್ನುತ್ತವೆ. ಎಲ್ಲ ಒಟ್ಟಿಗೆ ಅಂದರೆ ಟ್ಯಾಬಿಗೆ ಏನೂ ತಿಳಿಯದು. ಪಕ್ಕದ ಮನೆಯ ಅಜ್ಜ ಅವರನ್ನೆಲ್ಲ ಸರಿಸಿ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, “ಬಾಗಿಲು” ಅಂದ. ಹಲ್ಲಿನ ಸೆಟ್ಟು ಮನೆಯಲ್ಲಿ ಬಿಟ್ಟು ಬಂದಿದ್ದ. ನಕ್ಷತ್ರ ಬರಲಿಲ್ಲ.

“ಇದಕ್ಕೇ ಕಿವಿ ಕೇಳಲ್ಲ ಕಣಮ್ಮಿ, ಮೊದ್ಲು ಇದನ್ನ ಡಾಕ್ಟ್ರಿಗೆ ತೋರ್ಸು” ಅಂತ ಮೇಡಂಗೇ ಬುದ್ಧಿ ಹೇಳಿದ.

ಮೇಡಂ ಎಲ್ಲರನ್ನೂ ಸುಮ್ಮನಾಗಿಸಿದರು. ಏಜೆಂಟಣ್ಣ ತುಟಿ ಕೂಡಿಸಿದ, ಕೆನ್ನೆ ಉಬ್ಬಿಸಿದ, ಇನ್ನೇನು ‘ಬ’ ಬಂತು ಅನ್ನುವಾಗ ಹಿತ್ತಲಿನ ಕರು “ಅಂಬಾ” ಅಂದಿತು.

“ಭಲೇ! ಇನ್ನೊಮ್ಮೆ ಹೇಳಿ” ಅಂದಿತು ಟ್ಯಾಬು.

ಕರು ಇನ್ನೊಮ್ಮೆ ಹೇಳಿತು. ಇನ್ನೊಂದು ನಕ್ಷತ್ರ.

ಹೆಂಡತಿ ಗಂಡನ ಕಡೆ ತಿರುಗಿ, “ನೋಡ್ರೀ, ಹುಟ್ಟಿ ಇನ್ನೂ ತಿಂಗಳಾಗಿಲ್ಲ!” ಅಂದಳು.

ಎತ್ತಿಗೆ ಕೊಟ್ಟ ಮರ್ಯಾದೆ

ಮನೆಯಲ್ಲಿ ಅಭ್ಯಾಸ ಮಾಡಿಸುವ ಕ್ರಮ ಹೀಗೆ: ಹೆಂಡತಿ ಮೊದಲು ಚಿತ್ರದ ಹೆಸರು ಹೇಳಬೇಕು, ಗಂಡ ಅದನ್ನೇ ಹೇಳಬೇಕು. ಒಂದು ದಿನ ಮೇಡಂ ಪರೀಕ್ಷೆ ಮಾಡುತ್ತಾ, ಕೊಂಬಿಗೆ ಗೊಂಡೆ ಕಟ್ಟಿದ ಬಸವನ ಚಿತ್ರ ತೋರಿಸಿದರು.

ಏಜೆಂಟಣ್ಣ ಥಟ್ಟನೆ “ರೀ” ಅಂದ.

ಮೇಡಂ ಚಿತ್ರ ದೊಡ್ಡದು ಮಾಡಿ ತೋರಿಸಿದರು. “ಸರಿಯಾಗಿ ನೋಡಿ. ಇದು ಯಾರು?”

“ರೀ!” ಅಂದ, ಇನ್ನೂ ಗಟ್ಟಿಯಾಗಿ. ಮುಖದಲ್ಲಿ ಪಾಸಾದವನ ಕಳೆ.

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟಳು. “ಅದು ಇವ್ರ ಹೆಸರಲ್ವಾ ಮೇಡಂ. ಗಂಡನ ಹೆಸರು ಹೆಂಗ್ ಹೇಳ್ಲಿ? ಅದಕ್ಕೇ ಆ ಚಿತ್ರ ಬಂದಾಗೆಲ್ಲ, ಇವ್ರನ್ನ ಕರ್ದಂಗೇ ‘ರೀ’ ಅಂದ್ಬಿಟ್ಟೆ.”

ಮೇಡಂ ಆ ಕಾರ್ಡು ತೆಗೆದುಹಾಕಿದರು. ಆದರೆ ಕಲಿತದ್ದು ಹೋಗುತ್ತದೆಯೇ? ಮಾರನೇ ದಿನ ಬೀದಿಯಲ್ಲಿ ಎತ್ತು ಅಡ್ಡ ನಿಂತಾಗ ಏಜೆಂಟಣ್ಣ ಕೈಮುಗಿದು “ರೀ, ರೀ” ಅಂದನಂತೆ. ಅಷ್ಟು ಮರ್ಯಾದೆ ಯಾವತ್ತೂ ಕಾಣದ ಎತ್ತು ತೆಪ್ಪಗೆ ದಾರಿ ಬಿಟ್ಟಿತಂತೆ.

ಎರಡು ತಟ್ಟು

ಯುಗಾದಿ ಹತ್ತಿರ ಬಂತು, ‘ಬ’ ಬರಲಿಲ್ಲ. ಮೇಡಂಗೂ ಚಿಂತೆ ಹತ್ತಿತು. “ನೀವು ಸರ್ಕಲ್ಲಿನಲ್ಲಿ ಹೇಗೆ ಕೂಗ್ತಿದ್ರಿ, ತೋರಿಸಿ” ಅಂದರು. ಏಜೆಂಟಣ್ಣ ಕುರ್ಚಿಯಿಂದ ಎದ್ದ, ಸುತ್ತ ನೋಡಿದ, ಮನೆಯಲ್ಲಿ ಬಸ್ಸಿಲ್ಲ. ನೆಟ್ಟಗೆ ಹೊರಗೆ ಬಂದು ನಮ್ಮ ಕಾರಿನ ಟಾಪಿನ ಮೇಲೆ ಅಂಗೈಯಿಂದ ಒಂದು ಬಾರಿಸಿದ.

“ಬಸ್!”

ಬಸ್ಸಿನ ಚಿತ್ರ ತೆರೆದು ನನ್ನ ಕೈಯಲ್ಲಿದ್ದ ಟ್ಯಾಬು ನಕ್ಷತ್ರ ಕೊಟ್ಟಿತು. ಹೆಂಡತಿ ಅಳುತ್ತಾ ನಕ್ಕಳು. ಇಷ್ಟು ದಿನ ಕೂರಿಸಿ ಕೇಳಿದ್ದೇ ತಪ್ಪಾಗಿತ್ತು. ಅವನ ಬಾಯಿಯ ಸ್ವಿಚ್ಚು ಅಂಗೈಯಲ್ಲಿತ್ತು!

ಹೊರಡುವ ಹೊತ್ತು. ನಾನು ಟ್ಯಾಬನ್ನು ಹಿಂದಿನ ಸೀಟಿನಲ್ಲಿಟ್ಟು ಇಂಜಿನ್ ಸ್ಟಾರ್ಟ್ ಮಾಡಿದೆ. ಹಿಂದಿನ ಬಾಗಿಲು ತೆಗೆದು ಹಾಕಿದ ಸದ್ದಾಯಿತು. ಅದರ ಬೆನ್ನಿಗೇ ಏಜೆಂಟಣ್ಣ ಖುಷಿಯಲ್ಲಿ ಕಾರಿಗೆ ಎರಡು ತಟ್ಟಿದ. ಬಸ್ಸಿನವರಿಗೆ ಎರಡು ತಟ್ಟು ಅಂದರೆ ‘ರೈಟ್, ಹೋಗ್ಲಿ’. ಹಳೇ ಕ್ಲೀನರ್ ನಾನು, ಕಾಲು ತಾನಾಗೇ ಒತ್ತಿತು.

ದಾರಿಯುದ್ದಕ್ಕೂ ಮಾತು. “ನೋಡಿದ್ರಾ ಮೇಡಂ, ಬಸ್ ಅಂತ ಹೆಂಗಂದ!” ಅಂದೆ.

“ಭಲೇ! ಇನ್ನೊಮ್ಮೆ ಹೇಳಿ” ಅಂತ ಹಿಂದಿನಿಂದ ಬಂತು.

ಮೇಡಂಗೂ ಖುಷಿಯಾಗಿದೆ ಅಂತ ಇನ್ನೊಮ್ಮೆ ಹೇಳಿದೆ. ಜಾವಗಲ್ ಬರುವಷ್ಟರಲ್ಲಿ ಅದೇ ಮಾತು ಎಷ್ಟು ಸಲ ಹೇಳಿದೆನೋ. ಅಲ್ಲಿ ಫೋನ್ ಬಂತು. ಮೇಡಂ. ಅವರು ಬ್ಯಾಗು ಕಾರಿನೊಳಗಿಟ್ಟು, ಚಪ್ಪಲಿ ಹಾಕಿಕೊಂಡು ಬರಲು ವಾಪಸ್ ಮನೆಗೆ ಹೋಗಿದ್ದರಂತೆ.

“ಎಲ್ಲಿದ್ದೀರ?” ಅಂದರು.

“ನಿಮ್ಮನ್ನೇ ಅರಸೀಕೆರೆಗೆ ಕರ್ಕೊಂಡು ಹೋಗ್ತಾ ಇದ್ದೀನಿ ಮೇಡಂ” ಅಂದೆ.

ಯಾರ್ರೀ ಇಳಿಯೋರು

ಬಸ್ ಏನೋ ಬಂತು, ಬೇಲೂರು ಬರಬೇಕಲ್ಲ. ಮೇಡಂ ಸುಲಭದ್ದರಿಂದ ಕಷ್ಟದ್ದಕ್ಕೆ ಸಾಲಾಗಿ ನಾಲ್ಕು ಕಾರ್ಡು ಜೋಡಿಸಿದರು: ಬಸ್ಸು, ಬಾಳೆಹಣ್ಣು, ಬಾತುಕೋಳಿ, ಕೊನೆಗೆ ಬೇಲೂರು ದೇವಸ್ಥಾನದ ಫೋಟೋ. ಮೂರನ್ನು ಅಂದರೆ ಅದರ ರಭಸಕ್ಕೆ ನಾಲ್ಕನೆಯದೂ ಹೊರಗೆ ಬೀಳುತ್ತಿತ್ತು. ಬೇಲೂರನ್ನು ಒಂಟಿಯಾಗಿ ಕರೆದರೆ ಮಾತ್ರ ಬರುತ್ತಿರಲಿಲ್ಲ. “ಮೊದಲ ಮೂರನ್ನ ನಿಧಾನಕ್ಕೆ ಬಿಡಿಸೋಣ” ಅಂದರು ಮೇಡಂ. ಅಷ್ಟರಲ್ಲಿ ಯುಗಾದಿಯ ಹಿಂದಿನ ದಿನ ಬಂದೇಬಿಟ್ಟಿತು.

ಸರ್ಕಲ್ಲಿನಲ್ಲಿ ಬಸ್ಸು ನಿಂತಿದೆ. ಪಕ್ಕದ ಕಂಬಕ್ಕೆ ಹೊಸ ಸ್ಪೀಕರ್ ಕಟ್ಟಿಯಾಗಿದೆ. ಸಾವ್ಕಾರರು ಸ್ವಿಚ್ಚಿನ ಹತ್ತಿರ ನಿಂತು, “ಏನ್ಲಾ, ಕೂಗು ನೋಡನ” ಅಂದರು.

“ಬೇ... ಬೇ...”

ಕತ್ತಿನ ನರ ಉಬ್ಬಿತು. ಮುಂದಕ್ಕೆ ಹೋಗಲಿಲ್ಲ. ಹೂವಿನ ಅಂಗಡಿಯ ಮರೆಯಲ್ಲಿ ಅವನ ಹೆಂಡತಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಸಾವ್ಕಾರರು ನಿಟ್ಟುಸಿರು ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದರು. ಏಜೆಂಟಣ್ಣ ಆ ಕೈ ನೋಡಿದ. ಬಸ್ಸಿನ ಪಕ್ಕೆಗೆ ಫಟಾರನೆ ಒಂದು ಬಾರಿಸಿದ.

“ಬಸ್ ಬಾಳೆಣ್ ಬಾತ್ಕೋಳಿ ಬೇಲೂರ್! ಬಸ್ ಬಾಳೆಣ್ ಬಾತ್ಕೋಳಿ ಬೇಲೂರ್!”

ಅದೇ ಹಳೇ ರಾಗ, ಅದೇ ಹಳೇ ಎಳೆತ. ಜನ ಯಾವತ್ತು ಏಜೆಂಟರ ಮಾತು ಕೇಳಿದ್ದಾರೆ? ಕೇಳುವುದು ರಾಗ. ಕಡ್ಲೆಕಾಯಿ ತಿನ್ನುತ್ತಿದ್ದವರು ಸಿಪ್ಪೆ ಕೊಡವಿ ಎದ್ದರು. ಕುಕ್ಕೆ ಹೊತ್ತ ಒಬ್ಬಳು ಅಜ್ಜಿ ಓಡಿ ಬಂದು, “ಬಾಳೆಹಣ್ಣಿನ ಮೇಲೆ ಹೋಯ್ತದೇನಪ್ಪಾ?” ಅಂದಳು.

“ಎಲ್ಲಾದ್ರ ಮೇಲೂ ಹೋಯ್ತದೆ, ಹತ್ತವ್ವ” ಅಂದ ಕಂಡಕ್ಟರು.

“ಬಾತುಕೋಳಿಗೆ ಎಷ್ಟ್ರೀ ಚಾರ್ಜು?” ಅಂದ ಇನ್ನೊಬ್ಬ.

“ಬೇಲೂರಿಂದೇ ಕೊಡಿ, ಎಲ್ಲಾ ಒಂದೇ.”

ನೋಡನೋಡುತ್ತ ಬಸ್ಸು ತುಂಬಿ, ಮೆಟ್ಟಿಲ ಮೇಲೂ ಜನ. ಸಾವ್ಕಾರರು ತಲೆ ಕೆರೆದುಕೊಂಡು “ಈ ಬಾತುಕೋಳಿ ಯಾವ್ ಕಡೆ ಬತ್ತದ್ಲಾ?” ಅಂತ ನನ್ನನ್ನು ಕೇಳಿದರು. ನಾನು ಮೇಡಂ ಕಡೆ ನೋಡಿದೆ. ಮೇಡಂ ಆಕಾಶ ನೋಡಿದರು. ಸಾವ್ಕಾರರು ತುಂಬಿದ ಬಸ್ಸನ್ನೂ ಸ್ಪೀಕರನ್ನೂ ಒಂದು ಸಲ ನೋಡಿ, “ಯಾವ್ ಕಡೆಗಾದ್ರೂ ಇರ್ಲಿ, ಬಿಚ್ರಲಾ ಇದನ್ನ. ಜಾಗ ನಿಂದೇ ಕಣಯ್ಯ” ಅಂದುಬಿಟ್ಟರು. ಹೂವಿನ ಅಂಗಡಿಯ ಮರೆಯಿಂದ ಹೆಂಡತಿ ಓಡಿ ಬಂದು ಮೇಡಂ ಕೈ ಹಿಡಿದುಕೊಂಡಳು. ಏಜೆಂಟಣ್ಣ ಬಸ್ಸಿಗೆ ಎರಡು ತಟ್ಟಿದ.

ಮೇಡಂ, ನಾನು ಅದೇ ಖುಷಿಗೆ ಕಾರನ್ನು ಸರ್ಕಲ್ಲಿನಲ್ಲೇ ಬಿಟ್ಟು ಬಸ್ ಹತ್ತಿದ್ದೆವು. ಅರ್ಧ ದಾರಿಯಲ್ಲಿ ಒಂದು ತಿರುವು. ಊರಿಲ್ಲ, ಮನೆಯಿಲ್ಲ, ಒಂದು ಹುಣಸೆಮರ ಬಿಟ್ಟರೆ ಏನೂ ಇಲ್ಲ. ಕಂಡಕ್ಟರನಿಗೆ ತಮಾಷೆ ಮಾಡುವ ಮನಸ್ಸಾಯಿತು. ಸೀಟಿ ಊದಿ ಬಸ್ ನಿಲ್ಲಿಸಿ ಕೂಗಿದ: “ಬಾತುಕೋಳಿ, ಬಾತುಕೋಳಿ! ಯಾರ್ರೀ ಇಳಿಯೋರು, ಬೇಗ ಬೇಗ!”

ಒಬ್ಬ ಚೀಲ ಹಿಡಿದುಕೊಂಡು ಇಳಿದ. ಬಸ್ಸು ಇನ್ನೇನು ಹೊರಡಬೇಕು, ಹಿಂದಿನ ಸೀಟಿನಿಂದ ಇನ್ನೊಬ್ಬ ಎಲ್ಲರನ್ನೂ ತಳ್ಳಿಕೊಂಡು ಬಂದ.

“ತಡೀರಿ ತಡೀರಿ, ನಂದೂ ಇದೇಯ!”